ತಲೆಯ ಮೇಲೆ ಮ್ಯಾಗ್ನೆಟ್, ಅಂಗೈಯಲ್ಲಿ ಲಿಂಗ

ನಮ್ಮ ಮಿಲಿಟರಿ ಕಾಕಾನ ಮೀಸೆ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ. ಕನ್ನಡಿ ನೋಡದೆ, ಅರಿವೆ ಕತ್ತರಿಸುವ ಕತ್ತರಿಯಿಂದ ತಾನೇ ಕತ್ತರಿಸಿಕೊಳ್ಳುತ್ತಾನೆ. ಯಾರಾದರೂ ನಕ್ಕರೆ, “ಎರಡೂ ಬಾಜು ಸಮ ಇರಾಕ ಇದೇನ ಪರೇಡೇನ್ಲೇ?” ಎನ್ನುತ್ತಾನೆ. ಗುಡಗೇರಿಯಲ್ಲಿ ಅವನದು ನಮ್ಮ ತವರಿನ ಪಕ್ಕದ ಮನೆ. ಸೈನ್ಯದಿಂದ ನಿವೃತ್ತನಾಗಿ ಬಂದು ಹಿಟ್ಟಿನ ಗಿರಣಿ ಹಾಕಿದ. ಜೋಳ ಬೀಸಿಸಲು ಹೋದ ಹೆಂಗಸರು ಅವನ ಮಾತು ಕೇಳುತ್ತ ಒಲೆಯ ಮೇಲಿನ ಸಾರು ಮರೆಯುತ್ತಿದ್ದರು.

ಅಂಥವನು ಒಂದು ಸುಗ್ಗಿಯಲ್ಲಿ ಕುಸಿದುಬಿಟ್ಟ. ಪಕ್ಕದ ಹೊಲದಲ್ಲಿ ಕಾಳು ಒಕ್ಕುವ ರಾಶಿ ಮಷಿನ್ನು ಢಬ್ಬೆಂದಾಗ ಬಣವೆಯ ಹಿಂದೆ ಬೋರಲು ಬಿದ್ದವನನ್ನು ಇಬ್ಬರು ಎತ್ತಿ ತಂದರು. ಗಡಿಯಲ್ಲಿ ಕಂಡದ್ದು ಮತ್ತೆ ಕಣ್ಣ ಮುಂದೆ ನಡೆಯುತ್ತಿತ್ತಂತೆ. ಗಿರಣಿ ಮುಚ್ಚಿತು. ಕಾಕಾ ಮಾತು ಬಿಟ್ಟು ಹಾಸಿಗೆ ಹಿಡಿದ. ಗುಳಿಗೆಗಳೂ ಅಷ್ಟಕ್ಕಷ್ಟೆ. ಒಂದು ದಿನ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, “ನಾ ಇಲ್ಲಾಂದ್ರೂ ಗಿರಣಿ ನೀ ನಡಸ್ತಿ ಬಿಡು” ಎಂದನಂತೆ. ಕಾಕು ಅದನ್ನು ಸೆರಗು ಬಾಯಿಗಿಟ್ಟುಕೊಂಡು ನನಗೆ ಹೇಳಿದಳು.

ಹುಬ್ಬಳ್ಳಿಯ ಡಾಕ್ಟರು ಇನ್ನೊಂದು ದಾರಿ ಹೇಳಿದರು: ತಲೆಗೆ ಮ್ಯಾಗ್ನೆಟ್ ಹಿಡಿದು, ಮಂಕಾದ ಮೆದುಳನ್ನು ತಟ್ಟಿ ಎಬ್ಬಿಸುವುದು. ಸೂಜಿ ಇಲ್ಲ, ಎಚ್ಚರ ತಪ್ಪಿಸುವುದಿಲ್ಲ. ಕೆಲವು ವಾರ ಹೋಗಿಬರಬೇಕು, ಎಲ್ಲರಿಗೂ ಹತ್ತುತ್ತದೆಂಬ ಖಾತ್ರಿಯಿಲ್ಲ. ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ. ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಕೆಲಸಕ್ಕೆ ರೈಲಿನಲ್ಲಿ ಓಡಾಡುತ್ತಿದ್ದೆ. ಗಂಡ ಹೆಂಡತಿ ನನ್ನ ಜೊತೆಗೇ ಹೊರಟರು. ಮೊದಲ ದಿನ ಅಂಗಡಿಗೆ ರಜೆ ಹಾಕಿ ನಾನೂ ಆಸ್ಪತ್ರೆಗೆ ಹೋದೆ.

“ತಲ್ಯಾಗ ಗುಂಡಿನ ಚೂರು ಏನರ ಉಳದಾವೇನ್ರಿ?” ಎಂದು ಸಿಸ್ಟರ್ ಕೇಳಿದಳು.

“ಚೂರಿಲ್ರಿ, ಬರೇ ಹುಳಾ ಅದಾವು.”

ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ಚೇಷ್ಟೆ ಕೇಳಿ ನನಗೆ ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ಸಿಸ್ಟರ್ ಅವನ ಕೊರಳ ಬೆಳ್ಳಿ ಕರಡಿಗೆ ತೋರಿಸಿ, ಲೋಹದ್ದೇನಿದ್ದರೂ ತೆಗೆದಿಡಬೇಕೆಂದಳು. ಅದರೊಳಗೆ ಅವನ ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ್ದು, ಮೈಯಿಂದ ಅಗಲಿಸಬಾರದ್ದು. ಕಾಕಾ ಎದ್ದೇಬಿಟ್ಟ.

“ಗಡಿ ಮ್ಯಾಲೆ ಬರ್ಫಿನ್ಯಾಗ ನಿಂತಾಗೂ ತಗದಿಲ್ಲ. ಇಲ್ಲೂ ತಗಿಯೂದಿಲ್ಲ. ನಡೀರಿ ಊರಿಗೆ.”

ಅವತ್ತು ಹೋಗಿದ್ದರೆ ಅವನು ಮತ್ತೆ ಬರುತ್ತಿರಲಿಲ್ಲ. ಕುಳ್ಳಿ ಕಾಕು ಬಾಗಿಲಿಗೆ ಅಡ್ಡ ನಿಂತಳು. “ನಿಮ್ಮವ್ವ ಸಾಯೂತನಕ ಲಿಂಗ ಅರಿವ್ಯಾಗ ಕಟಗೊಂಡಿದ್ಲು. ಆಕಿ ಭಕ್ತಿ ಏನ್ ಕಡಿಮಿ ಇತ್ತೇನ್ರಿ?” ಎಂದವಳೇ ಅವನ ಹೆಗಲ ಮೇಲಿನ ಟವೆಲ್ಲನ್ನು ಪರ್ರನೆ ಹರಿದಳು.

“ಹೊಸಾದ ಐತಿಬೇ ಅದು,” ಎಂದ ಕಾಕಾ.

ಲಿಂಗ ಕಲ್ಲಿನದು, ಅರಿವೆಯಲ್ಲಿ ಸುತ್ತಿ ಕೈಗೆ ಕಟ್ಟಿಕೊಂಡರೆ ಅಡ್ಡಿಯಿಲ್ಲ ಎಂದು ಡಾಕ್ಟರು ಒಪ್ಪಿದರು. ಕಾಕು ಅದನ್ನು ಎಡ ಅಂಗೈಯಲ್ಲಿಟ್ಟು ಕಟ್ಟಿದಳು. ಮಷಿನ್ನು ಟಕಟಕ ಶುರುವಾದಾಗ ಕಾಕಾನ ಮುಖ ಬಿಳುಚಿತು. ಗುಂಡಿನ ಸದ್ದಿಗೆ ಹತ್ತಿರದ ಸದ್ದು ಅದು. ಈಗ ಹಾರಿ ಏಳುತ್ತಾನೆ ಅಂದುಕೊಂಡೆ. ಆದರೆ ಅವನು ಬೆಳಗಿನ ಪೂಜೆಗೆ ಕೂತವನ ಹಾಗೆ ಅಂಗೈಯನ್ನೇ ನೋಡುತ್ತ ಕೂತ. ಬೆವರಿಳಿಯುತ್ತಿತ್ತು, ಕುರ್ಚಿ ಬಿಡಲಿಲ್ಲ.

ವಾರಗಳು ಉರುಳಿದ ಹಾಗೆ ಮೊದಲು ರೈಲಿನಲ್ಲಿ ಕಿಟಕಿಯ ಸೀಟು ಕೇಳಿದ. ಆಮೇಲೆ ತಿನ್ನಲು ಗಿರ್ಮಿಟ್ ಬೇಕೆಂದ. ಕೊನೆಗೆ ಟವೆಲ್ಲಿನ ಸಲುವಾಗಿ ಹೆಂಡತಿಯೊಡನೆ ಸ್ಟೇಶನ್ನಿನಲ್ಲೇ ಜಗಳ ತೆಗೆದ. ಕಾಕುಗೆ ಆದ ಖುಷಿ ಹೇಳತೀರದು. ಗಿರಣಿಯ ಬಾಗಿಲು ತೆರೆಯಿತು. ಗುಳಿಗೆ ಪೂರ್ತಿ ನಿಂತಿಲ್ಲ, ಢಬ್ಬೆಂದರೆ ಈಗಲೂ ಬೆಚ್ಚುತ್ತಾನೆ. ಬೆಚ್ಚಿ, ಮೈಮೇಲಿನ ಹಿಟ್ಟು ಝಾಡಿಸಿಕೊಂಡು ಬೀಸುವುದನ್ನು ಮುಂದುವರಿಸುತ್ತಾನೆ.

ಮುಂದೆ ನಾನು ಮದುವೆಯಾಗಿ, ಬಾಣಂತನಕ್ಕೆ ತವರಿಗೆ ಬಂದೆ. ಕೂಸು ಅತ್ತರೂ ನನಗೆ ಏಳಬೇಕೆನಿಸುತ್ತಿರಲಿಲ್ಲ. ಬದುಕೇ ಬೇಡವೆನಿಸಿತ್ತು. ಅವ್ವ ದೃಷ್ಟಿ ತೆಗೆದಳು, ಬಂದವರು ಬುದ್ಧಿ ಹೇಳಿದರು. ಕಾಕಾ ಮಾತ್ರ ನನ್ನ ಮಂಚದ ಬಳಿ ನೆಲದ ಮೇಲೆ ಕೂತ.

“ನಿನಗೇನಾಗೈತಿ ನನಗ ಗೊತ್ತೈತವ್ವಾ,” ಎಂದ. “ಇದು ಮೈಗಳ್ಳತನ ಅಲ್ಲ. ಏಳು, ಡಾಕ್ಟರ್ ಕಡೆ ಹೋಗೂಣು. ಕೂಸಿನ್ನ ನಾ ಎತಗೋತೀನಿ.”

ಹಾಗೆಂದವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಸ್ಟೇಶನ್ ದಾರಿ ಹಿಡಿದೇಬಿಟ್ಟ. ನಾನು ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ. ನನ್ನ ಮಗಳಿಗೆ ಅವ್ವ ಉಳಿದದ್ದು ಹಾಗೆ.