ಪುಡಿ ಬಿಡಿಸಿದ ಹದಿನಾರನೆಯ ದಿನ

1999ರಲ್ಲಿ ನಾನು ಮೆಡಿಕಲ್ ಕಾಲೇಜೊಂದರ ಜನರಲ್ ಮೆಡಿಸಿನ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೆ. ಹಳ್ಳಿಗಳಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎಷ್ಟಿದೆ ಎಂದು ತಿಳಿಯುವ ಸಂಶೋಧನೆಯೊಂದು ನಡೆದಿತ್ತು. ಹಡಗಲಿ ತಾಲ್ಲೂಕು ನನ್ನ ಪಾಲಿಗೆ ಬಂದಿತ್ತು.

ಮಾಗಳದ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಹನ್ನೊಂದು ಜನರ ಮುಖ ಅಕ್ಕತಂಗಿ, ಅಣ್ಣತಮ್ಮಂದಿರ ಹಾಗೆ ಒಂದೇ ರೀತಿ ದುಂಡಗಾಗಿತ್ತು. ಕೈಕಾಲು ಸಣ್ಣ, ಹೊಟ್ಟೆ ದಪ್ಪ. ಬಿ.ಪಿ. ನೋಡಲು ಪಟ್ಟಿ ಬಿಗಿದರೆ ಸಾಕು, ತೋಳು ನೀಲಿಗಟ್ಟುತ್ತಿತ್ತು. ಎಲ್ಲರೂ ವರ್ಷಗಳಿಂದ ಮಂಡಿನೋವಿಗೆ ಒಂದೇ ಬಿಳಿ ಪುಡಿ ನುಂಗುತ್ತಿದ್ದರು. ಸಂತೆಯ ದಿನ ಮೊಪೆಡ್ ಮೇಲೆ ಬರುವವನೊಬ್ಬ ಅದನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದನಂತೆ.

ಅದರಲ್ಲಿ, ನೋವು ಬೇಗ ಅಡಗಿಸಿ ಮೈ ಊದಿಸುವ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸಿ ಒಂದು ಪೊಟ್ಟಣ ಪ್ರಯೋಗಾಲಯಕ್ಕೆ ಕಳುಹಿಸಿದೆ. ಇವತ್ತಿನಿಂದ ಇದನ್ನು ಮುಟ್ಟಬೇಡಿ ಎಂದು ಹನ್ನೊಂದು ಜನಕ್ಕೂ ಕಟ್ಟುನಿಟ್ಟಾಗಿ ಹೇಳಿ ಬಂದೆ. ಸ್ಟೀರಾಯ್ಡನ್ನು ಹಠಾತ್ತನೆ ನಿಲ್ಲಿಸಬಾರದೆಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ನಾನು. ಆದರೆ ಆ ದಿನ ನನ್ನ ಗಮನವೆಲ್ಲ ಸಂಶೋಧನೆಯ ಹಾಳೆ ತುಂಬುವುದರಲ್ಲೇ ಇತ್ತು.

ಹದಿನಾರನೆಯ ದಿನ ಬೆಳಿಗ್ಗೆ ಆ ಹನ್ನೊಂದು ಜನರಲ್ಲಿ ಒಬ್ಬಳಾದ ಗಂಗಮ್ಮನನ್ನು ನಮ್ಮ ವಾರ್ಡಿಗೆ ಹೊತ್ತು ತಂದರು. ವಾಂತಿ, ಪ್ರಜ್ಞೆ ಅರ್ಧಂಬರ್ಧ, ನಾಡಿ ಸಿಗುತ್ತಿರಲಿಲ್ಲ. ಊರಿನಲ್ಲಿ ನೋಡಿದಾಗ 260 ಇದ್ದ ಸಕ್ಕರೆ ಈಗ 48ಕ್ಕೆ ಇಳಿದಿತ್ತು.

"ನೀವು ಹೇಳಿದ ದಿನದಿಂದ ಒಂದ ಪುಡಿನೂ ಮುಟ್ಟಿಲ್ರಿ ಮೇಡಂ," ಎಂದ ಅವಳ ಗಂಡ.

ಸ್ಟೀರಾಯ್ಡ್ ವರ್ಷಗಟ್ಟಲೆ ಹೊರಗಿನಿಂದ ಬಂದರೆ, ಅದನ್ನು ದೇಹದೊಳಗೆ ತಯಾರಿಸುವ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ಪುಡಿ ಒಮ್ಮೆಲೇ ತಪ್ಪಿದರೆ ಜೀವ ಹೋಗಲು ಒಂದು ಜ್ವರವೋ ಭೇದಿಯೋ ಸಾಕು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಸಲೈನ್ ಕೊಟ್ಟೆವು. ಎರಡು ತಾಸಿನಲ್ಲಿ ಗಂಗಮ್ಮ ತಾನಾಗಿಯೇ ನೀರು ಕೇಳಿದಳು. ನನಗೆ ಸಮಾಧಾನವಾಗಲಿಲ್ಲ. ಪಟ್ಟಿಯಲ್ಲಿ ಇನ್ನೂ ಹತ್ತು ಹೆಸರಿದ್ದವು. ಆ ಊರಿನ ಒಂದೇ ಫೋನಿಗೆ ಮತ್ತೆ ಮತ್ತೆ ಕರೆ ಮಾಡಿಸಿದೆ. ಯಾರೂ ಎತ್ತಲಿಲ್ಲ.

ವಿಭಾಗದ ಮುಖ್ಯಸ್ಥರು ಕೂಡಲೇ ಜೀಪು ಕೊಟ್ಟರು. ಅದೇ ಇಂಜೆಕ್ಷನ್, ಸ್ಟೀರಾಯ್ಡ್ ಮಾತ್ರೆ ತುಂಬಿಕೊಂಡು ಹಗರಿಬೊಮ್ಮನಹಳ್ಳಿ ದಾಟಿ ಹಳ್ಳಿ ಸೇರಿದೆವು. ಮೊದಲ ಮನೆಯ ಹೆಂಗಸಿಗೆ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ. ಮುಂದಿನ ಮನೆಗಳಲ್ಲೂ ಜನ ಹಾಸಿಗೆ ಹಿಡಿದಿದ್ದರು. ಅವರಿಗೆಲ್ಲ ಅಲ್ಲೇ ಇಂಜೆಕ್ಷನ್ ಕೊಟ್ಟೆವು. ಇಬ್ಬರು ಮಾತ್ರ ಗಟ್ಟಿಯಾಗಿ ಓಡಾಡುತ್ತಿದ್ದರು. ವಿಚಾರಿಸಿದರೆ, ಅವರಿಬ್ಬರೂ ನನ್ನ ಮಾತು ಕೇಳದೆ ಕದ್ದು ಪುಡಿ ನುಂಗಿದ್ದರು.

ಹತ್ತನೆಯವನು ಕಂಬಳಿ ನೇಯುವ ಹಾಲಪ್ಪ. ಅವನು ತೀರಿಕೊಂಡು ನಾಲ್ಕು ದಿನವಾಗಿತ್ತು.

"ನಮ್ಮ ಮನ್ಯಾರು ಬಿಡಾಕ ಒಲ್ಲೆ ಅಂದ್ರು. ದೊಡ್ಡ ಡಾಕ್ಟರು ಹೇಳ್ಯಾರ ಅಂತ ನಾನ ಪುಡಿಯೆಲ್ಲ ಒಲಿಗೆ ಹಾಕಿದ್ನಿರಿ," ಎಂದಳು ಅವನ ಹೆಂಡತಿ ಬಸಮ್ಮ.

ಅವಳೆದುರು ನೆಲದ ಮೇಲೆ ಕುಳಿತೆ. ತಪ್ಪು ನಿನ್ನದಲ್ಲ, ನನ್ನದು, ಮಾತ್ರೆ ಕೊಟ್ಟು ನಿಧಾನವಾಗಿ ಬಿಡಿಸಬೇಕಿತ್ತು ಎಂದು ಹೇಳಿದೆ. ಅವಳು ಬೈಯಲಿಲ್ಲ.

"ನಿಮ್ಮ ಪಟ್ಟ್ಯಾಗ ಇಲ್ದೋರೂ ಅದಾರ್ರಿ. ನೀವು ಹೇಳಿದ್ದು ಕೇಳಿ ಸುತ್ತಲ ಊರಾಗೂ ಮಂದಿ ಪುಡಿ ಬಿಟ್ಟಾರ."

ಅಲ್ಲಿಂದ ಹಲವು ದಿನ ಊರೂರು ಅಲೆದು, ಸಿಕ್ಕವರಿಗೆಲ್ಲ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತ ಬಂದೆವು. ಪುಡಿಯಲ್ಲಿ ಸ್ಟೀರಾಯ್ಡ್ ಇದ್ದದ್ದು ವರದಿಯಲ್ಲಿ ಖಚಿತವಾಯಿತು. ಪುಡಿಯವನು ಮತ್ತೆ ಕಾಣಲಿಲ್ಲ. ಸಂಶೋಧನಾ ಲೇಖನದಲ್ಲಿ ಹಾಲಪ್ಪನ ವಿಷಯ ಬೇಡವೆಂದು ಹಿರಿಯರೊಬ್ಬರು ಸೂಚಿಸಿದರು. ಆದರೂ 'ಸಂಶೋಧಕರ ಸಲಹೆಯಂತೆ ಪುಡಿ ನಿಲ್ಲಿಸಿದ ನಂತರ ಸಾವು' ಎಂದೇ ನಾನು ಬರೆದೆ.

ಔಷಧ ನಿಲ್ಲಿಸಿ ಎನ್ನುವುದೂ ಒಂದು ಚಿಕಿತ್ಸೆ, ಹಾಗೆ ಹೇಳಿದವರು ಮತ್ತೆ ಹೋಗಿ ರೋಗಿಯನ್ನು ನೋಡಬೇಕು ಎಂದು ನಿವೃತ್ತಿಯವರೆಗೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಸುತ್ತಲ ಊರುಗಳಲ್ಲಿ ನಾವು ತಲುಪುವ ಮೊದಲೇ ಎಷ್ಟು ಜನ ತೀರಿಕೊಂಡಿದ್ದರೋ ತಿಳಿಯಲಿಲ್ಲ. ಕೇಳಿದರೆ ಮನೆಯವರು ಜ್ವರ ಬಂದಿತ್ತು, ಭೇದಿಯಾಗಿತ್ತು ಎನ್ನುತ್ತಿದ್ದರು. ಹಾಗೆ ಸತ್ತವರಲ್ಲಿ ಯಾರ ಹೆಸರನ್ನೂ ನಾನು ಬರೆದುಕೊಂಡಿರಲಿಲ್ಲ.