ಕಂಪ್ಯೂಟರಿನೊಳಗೆ ಮಡಿ ಕಟಗಿ

ಬೆಂಕಿ ಹಚ್ಚಲು ಬಾರದೆ ಪಿಎಚ್‌ಡಿ ಕಳೆದುಕೊಳ್ಳುವ ಜಗತ್ತಿನ ಮೊದಲ ಮನುಷ್ಯ ನಾನೇ ಇರಬೇಕು. ಕಲ್ಲಿದ್ದಲಿಗೆ ನಮ್ಮೂರು ಮೊರಬದ ಹತ್ತಿಕಟಗಿಯ, ಅಂದರೆ ಹತ್ತಿ ಬಿಡಿಸಿದ ಮೇಲೆ ಉಳಿಯುವ ಒಣಗಿಡದ, ಪುಡಿ ಬೆರೆಸಿ ಕುಲುಮೆಯಲ್ಲಿ ಸುಟ್ಟರೆ ಉರಿ ಹೇಗಿರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಸಂಶೋಧನೆ. ಬರೀ ಕಲ್ಲಿದ್ದಲಿದ್ದರೆ ಪರದೆಯ ಮೇಲೆ ಕೆಂಪು ಉರಿ ಕುಣಿಯುತ್ತಿತ್ತು. ಅರ್ಧ ಪಾಲು ಕಟಗಿ ಸೇರಿಸಿದೆನೋ, ಇಡೀ ಕುಲುಮೆ ನೀಲಿ. ನೀಲಿ ಎಂದರೆ ಉರಿ ಆರಿತು.

ಮರುದಿನ ಪಿಎಚ್‌ಡಿ ಸಮಿತಿಯ ಮುಂದೆ ಹಾಜರಿ. ಮಾರ್ಗದರ್ಶಕರು ಮೊದಲೇ ಹೇಳಿದ್ದರು: "ಈ ಸಲ ಉರಿ ತೋರ್ಸು, ಇಲ್ಲಾ ಕಟಗಿ ಬಿಡು." ಮನೆಯ ಪಡಸಾಲೆಯಲ್ಲಿ ಕೂತು ನಾನು ಲೆಕ್ಕದಲ್ಲಿ ಗಾಳಿ ಹೆಚ್ಚಿಸಿದೆ, ಪುಡಿ ಸಣ್ಣ ಮಾಡಿದೆ, ಕೊನೆಗೆ ಲ್ಯಾಪ್‌ಟಾಪಿಗೆ ಕೈಮುಗಿದೆ. ಕಟಗಿಯ ತೇವಾಂಶವನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ನಾನೇ ಖುದ್ದು ಅಳೆದಿದ್ದೆ; ನನ್ನ ಮೇಲೆ ನನಗೆ ಅಪಾರ ಭಕ್ತಿ.

ಹಿಂದಿನಿಂದ ಇಣುಕಿದ ಕಾಕಾ, "ಏನ್ಲೇ, ಇಷ್ಟ್ ಸಾಲಿ ಕಲ್ತು ಒಲಿ ಹಚ್ಚಾಕ ಬರವಲ್ದು?" ಎಂದು ನಕ್ಕು, ಅಡುಗೆಮನೆಗೆ ಕಟಗಿಯ ಹೊರೆ ಒಯ್ದರು. ಹೊಸ್ತಿಲಲ್ಲೇ ಅಜ್ಜಿ ತಡೆದು, ಚರಿಗೆಯಿಂದ ಹೊರೆಯ ಮೇಲೆ ನೀರು ಚಿಮುಕಿಸಿದಳು. ಹೊರಗಿನ ಸೌದೆ ಮಡಿಯಾಗದೆ ನಮ್ಮ ಅಡುಗೆಮನೆಗೆ ಬರುವಂತಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಎದ್ದು ಓಡಿದೆ.

"ಅಜ್ಜೀ, ನಾ ಕಾಲೇಜಿಗೆ ಒಯ್ದಿದ್ನಲ್ಲ, ಆ ಹೊರಿ?"

"ಅದನ್ನೂ ಒಳಗ ಇಟ್ಟಿದ್ಯಲ್ಲಪಾ. ಮಡಿ ಮಾಡ್ದ ಬಿಡ್ತೀನೇನು? ಪರೀಕ್ಷಾದ್ದು ಅಂತ ಒಂದ್ ಚರಿಗಿ ಜಾಸ್ತೀನ ಹಾಕೀನಿ."

ಅದನ್ನೇ ನಾನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಒಯ್ದು ಅಳೆದಿದ್ದೆ! ಇಷ್ಟು ದಿನ ನನ್ನ ಕುಲುಮೆಯಲ್ಲಿ ಸ್ನಾನ ಮಾಡಿದ ಕಟಗಿ ನಡುಗುತ್ತ ನಿಂತಿತ್ತು. ಕಾರಣ ಸಿಕ್ಕಿತೆಂದು ಕುಣಿಯುತ್ತ ಮಾರ್ಗದರ್ಶಕರಿಗೆ ಫೋನ್ ಮಾಡಿದೆ.

ಅವರು ನಗಲಿಲ್ಲ. "ಅಂದ್ರ ಹಿಂದ ಹತ್ತಿದ್ದ ಲೆಕ್ಕಾನೂ ಸುಳ್ಳಾತಲ್ಲೋ?"

ಹಿಂದೆ ಕಟಗಿ ಕಡಿಮೆ ಹಾಕಿದಾಗ ಉರಿ ಆರದೆ ಉಳಿದಿದ್ದ ಲೆಕ್ಕಗಳಲ್ಲೂ ತೇವಾಂಶದ ಅದೇ ಅಂಕಿ ಇತ್ತು. ಆಗ ಕುಣಿತ ನಿಂತಿತು.

"ಹೌದ್ರಿ ಸರ್. ಹೊಸಾ ಕಟಗಿ ಅಳದು, ಎಲ್ಲಾ ಮತ್ತ ಮಾಡ್ತೀನ್ರಿ."

"ನಾಳೆ ಸಮಿತಿ ಕೇಳಂಗಿಲ್ಲಪಾ."

ಕೇಳಲೂ ಇಲ್ಲ. ಕಟಗಿ ತೆಗೆದುಹಾಕಿ, ಬರೀ ಕಲ್ಲಿದ್ದಲಿನ ಮೇಲೆ ಬರೆ ಎಂದರು. ನಮ್ಮ ಹೊಲದ ಬದುವಿನಲ್ಲಿ ಸುಮ್ಮನೆ ಸುಟ್ಟುಹೋಗುವ ಕಟಗಿಗೆ ಒಂದು ದಾರಿ ಮಾಡುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು ನಾನು. ನಾನೇ ಕೂತು ಶೀರ್ಷಿಕೆಯಿಂದ ಹತ್ತಿಕಟಗಿ ಎಂಬುದನ್ನು ಅಳಿಸಿದೆ.

ಸಂಜೆ ಮನೆಗೆ ಬಂದರೆ ಅಂಗಳದ ಕಟ್ಟೆಯ ಮೇಲೆ ಕಟಗಿಯ ಒಂದು ಹೊರೆ, ಬಿಸಿಲಿಗೆ ಗರಿಗರಿ ಒಣಗಿತ್ತು. ಪಕ್ಕದಲ್ಲಿ ಅಜ್ಜಿ ಕಾವಲು ಕೂತಿದ್ದಳು.

"ಹನಿ ನೀರ್ ತಾಗ್ಸಿಲ್ಲಪಾ. ಒಳಗೂ ತಂದಿಲ್ಲ. ಒಯ್ಯಿ, ಈಗರ ಹತ್ತತೈತಿ."

"ಹ್ಞೂಂ ಅಜ್ಜಿ, ಹತ್ತತೈತಿ," ಎಂದು ಹೊರೆಯನ್ನು ತಲೆಯ ಮೇಲೆ ಹೊತ್ತು ನಿಂತೆ. ಎಲ್ಲಿಗೆ ಒಯ್ಯಬೇಕೆಂದು ಮಾತ್ರ ತಿಳಿಯಲಿಲ್ಲ.