ಅಳತೆ ಅಕ್ಕನ ಒಂದೂಕಾಲು ಇಂಚು

ಬೆಳಗ್ಗೆ ಆರೂಕಾಲು. ಹಳೆಯ ಬಿಡಿಭಾಗಗಳ ಅಂಗಡಿ ಮುಂದೆ ಪಿಕಪ್ ಟ್ರಕ್ಕೊಂದು ಜಾಕಿನ ಮೇಲೆ ನಿಂತಿದೆ. ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟು ದಾರಿಯಲ್ಲೇ ಮುರಿದಿದೆ. ಮೇಲಿರುವುದು ಬಾಯಿ ಮುಚ್ಚಿದ ಇಪ್ಪತ್ತನಾಲ್ಕು ಜೇನುಪೆಟ್ಟಿಗೆಗಳು. ಬಿಸಿಲೇರಿದರೆ ಹುಳುಗಳು ಒಳಗೇ ಬೆಂದು ಸಾಯುತ್ತವೆ. ಇಲ್ಲೇ ತೆರೆಯೋಣವೆಂದರೆ ಎದುರಿಗೇ ಶಾಲೆ.

"ಬೇಗ ಅಕ್ಕಾ, ಕೈ ಮುಗೀತೀನಿ," ಎನ್ನುತ್ತಾ ಜೇನು ಸಾಕುವವರು ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಾರೆ. ಟ್ರಕ್ಕಿನಡಿಯಿಂದ ಎರಡು ಚಪ್ಪಲಿ ಮಾತ್ರ ಹೊರಗೆ ಕಾಣುತ್ತಿವೆ.

ಆ ಚಪ್ಪಲಿಯ ಒಡತಿಗೆ ಈ ಬೀದಿಯಿಟ್ಟ ಹೆಸರು ಅಳತೆ ಅಕ್ಕ. ಹಳೇ ಗಾಡಿಗೆ ಯಾವ ವರ್ಷದ, ಯಾವ ಅಳತೆಯ ಭಾಗ ಬೇಕೆಂದು ಪತ್ತೆ ಹಚ್ಚುವುದು ಅವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಗಾಡಿ. ಗೋಡೆಯುದ್ದಕ್ಕೂ ಆರುನೂರು ಚಿಲ್ಲರೆ ಶಾಫ್ಟು, ಎಲ್ಲದಕ್ಕೂ ಅವರೇ ಕಟ್ಟಿದ ಚೀಟಿ. ಮಂಡಿ ಸವೆದಿದೆ, ಉಗುರಿನ ಕಪ್ಪು ಯಾವ ಸೋಪಿಗೂ ಜಗ್ಗುವುದಿಲ್ಲ. "ಅಕ್ಕನ ಬಾಣಂತನಕ್ಕೆ ಅಂತ ಮೂರು ತಿಂಗಳಿಗೆ ಬಂದೆ. ಇಪ್ಪತ್ತೇಳು ವರ್ಷ ಆಯ್ತು," ಎಂದು ನಗುತ್ತಾರೆ. ಅಂಗಡಿ ಆ ಅಕ್ಕನ ಗಂಡನದು, ಅಂದರೆ ಇವರ ಭಾವನದು. ಮೆಕ್ಯಾನಿಕ್ಕೂ ಭಾವನೇ.

ಇವತ್ತು ಆ ನಗು ಇಲ್ಲ. ಟ್ರಕ್ಕಿನ ಬಾಗಿಲ ಮೇಲಿನ ಪಟ್ಟಿಯಲ್ಲಿರುವ ತಯಾರಿಕೆಯ ವರ್ಷಕ್ಕೆ ಬಿಡಿಭಾಗಗಳ ಪುಸ್ತಕ ಹೇಳುವ ಶಾಫ್ಟು ಇಪ್ಪತ್ತೊಂಬತ್ತು ಇಂಚು. ಅದು ಅಂಗಡಿಯಲ್ಲಿದೆ. ತುದಿಯ ಹಲ್ಲೆಣಿಸಿದರೆ ಇಪ್ಪತ್ತೆಂಟು, ಅದೂ ಸರಿ. ಆದರೆ ಅಡಿಯಲ್ಲಿ ಮಲಗಿ ಆಕ್ಸಲ್ ಮುಚ್ಚಳ ತಡವಿದ ಅಳತೆ ಅಕ್ಕ ಎದ್ದು ಕೂರುತ್ತಾರೆ. "ಹನ್ನೆರಡು ಬೋಲ್ಟ್ ಇರಬೇಕಿತ್ತು. ಹತ್ತೇ ಇದೆ. ಯಾರೋ ಬೇರೆ ಗಾಡಿ ಆಕ್ಸಲ್ ಕೂರಿಸಿದ್ದಾರೆ."

"ಹಲ್ಲು ಸರಿ ಇದೆಯಲ್ಲಾ, ಹಾಕಿಬಿಡಿ!"

"ಹಲ್ಲು ಕೂರುತ್ತೆ, ಗಾಡೀನೂ ಓಡುತ್ತೆ. ಉದ್ದ ಸಾಲದಿದ್ರೆ ಏರಲ್ಲಿ ಕೈ ಕೊಡುತ್ತೆ. ನಿಮ್ಮ ದಾರೀಲಿ ಏರಿದೆಯಲ್ಲ?"

ಇದೆ. ಜೇನಿನವರು ಗೋಣಿಗೆ ಮತ್ತೆ ನೀರು ಚಿಮುಕಿಸಲು ಹೋಗುತ್ತಾರೆ.

ಹದಿನಾಲ್ಕು ವರ್ಷದ ಹಿಂದೆ ಇದೇ ಅಕ್ಕ ಪುಸ್ತಕ ನಂಬಿ ಗಿಡ್ಡ ಶಾಫ್ಟು ಕೊಟ್ಟಿದ್ದರು. ಗಾಡಿಯನ್ನು ಓಡಿಸಿ ನೋಡಲು ಹೋದವರು ಭಾವ. ಏರಿನಲ್ಲಿ ಹಲ್ಲು ಜಾರಿ ಗಾಡಿ ಹಿಂದಕ್ಕುರುಳಿ ಹಳ್ಳಕ್ಕೆ ಬಿತ್ತು. ಅವರು ಈಗಲೂ ಎಡಗಾಲು ಎಳೆದೇ ನಡೆಯುತ್ತಾರೆ. "ಆವತ್ತಿಂದ ಇವಳು ಸಾರಿಗೆ ಉಪ್ಪನ್ನೂ ಅಳೆದೇ ಹಾಕ್ತಾಳೆ," ಎಂದು ಛೇಡಿಸುವುದನ್ನು ಮಾತ್ರ ಬಿಟ್ಟಿಲ್ಲ.

ಮುರಿದ ಎರಡು ತುಂಡುಗಳನ್ನು ಗೋಣಿಯ ಮೇಲೆ ಜೋಡಿಸಿದರೆ ಬಾಯಿಗೆ ಬಾಯಿ ಕೂಡುವುದಿಲ್ಲ. ನಡುವಿನ ಚೂರು ಒಳಗೇ ಉಳಿದಿದೆ. ಅದು ಸಿಗದೆ ಉದ್ದ ತಿಳಿಯದು. ಭಾವ ಮುಚ್ಚಳ ಬಿಚ್ಚುತ್ತಾರೆ. ಅಕ್ಕ ಸರಳಿಗೆ ಆಯಸ್ಕಾಂತ ಕಟ್ಟಿ ಎಣ್ಣೆಯೊಳಗೆ ತಡಕುತ್ತಾರೆ. ಬಿಸಿಲು ಟ್ರಕ್ಕಿನ ಬಾನೆಟ್ಟಿಗೆ ಬಂದಿದೆ. ಮೇಲಿನ ಝೇಂಕಾರ ಜೋರಾಗುತ್ತಿದೆ. ಪತ್ರಿಕೆಗೆ ಬರೆಯಲು ಬಂದು ನೋಟ್‌ಬುಕ್ ಹಿಡಿದು ನಿಂತ ನನಗೇ "ಹಾಕಿಬಿಡಿ ತಾಯಿ" ಎನ್ನಬೇಕೆನಿಸುತ್ತದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಟಕ್ಕೆಂದು ಸದ್ದಾಗುತ್ತದೆ.

ಮೂರು ತುಂಡೂ ಸೇರಿ ಮೂವತ್ತೂಕಾಲು ಇಂಚು. ಪುಸ್ತಕದ ಶಾಫ್ಟು ಒಂದೂಕಾಲು ಇಂಚು ಗಿಡ್ಡ.

ಸರಿಯಾದದ್ದನ್ನು ಹುಡುಕಿ ಕೂರಿಸುವಷ್ಟರಲ್ಲಿ ಎಂಟೂವರೆ. ಹೊರಡುವ ಮುಂಚೆ ಜೇನಿನವರು ಪ್ರತಿ ಪೆಟ್ಟಿಗೆಗೂ ಕಿವಿಯಿಡುತ್ತಾರೆ. ಮೂಲೆಯ ಪೆಟ್ಟಿಗೆಯಲ್ಲಿ ಸದ್ದಿಲ್ಲ. "ಒಂದು ಹೋಯ್ತಕ್ಕಾ," ಎನ್ನುತ್ತಾರೆ ಮೆಲ್ಲಗೆ. ಅಳತೆ ಅಕ್ಕ ತಾವೂ ಹತ್ತಿ ಕಿವಿಯಿಟ್ಟು ಕೇಳಿ ಇಳಿಯುತ್ತಾರೆ. "ನನ್ನಿಂದ ತಡ ಆಯ್ತು. ಏರು ದಾಟಿದ ಮೇಲೆ ಒಂದು ಫೋನ್ ಮಾಡಿ."

ಆಮೇಲೆ ಇನ್ನೆರಡು ಗಾಡಿ ಬಂದು ಹೋಗುತ್ತವೆ. ಅಕ್ಕ ತಿಂಡಿ ಮುಟ್ಟಿಲ್ಲ, ಚಹಾ ಆರಿದೆ. ಹತ್ತೂವರೆಗೆ ಫೋನ್ ಬರುತ್ತದೆ: "ದಾಟಿದೆ ಅಕ್ಕಾ. ಪೆಟ್ಟಿಗೆ ಬಾಯಿ ಎಲ್ಲಾ ತೆಗೆದಿದ್ದೀನಿ." ಅಳತೆ ಅಕ್ಕ ಅಲ್ಲೇ ಕೂತು ಆ ತಣ್ಣನೆ ಚಹಾವನ್ನೇ ಕುಡಿಯುತ್ತಾರೆ.

ನಿಮ್ಮನ್ನು ಜನ ಹೇಗೆ ನೆನೆಸಿಕೊಳ್ಳಬೇಕು ಎಂದು ಕೇಳುತ್ತೇನೆ, ಪತ್ರಿಕೆಯವರ ಹಾಳು ಅಭ್ಯಾಸ.

"ನೆನೆಸಿಕೊಳ್ಳೋದೇ ಬೇಡಪ್ಪ. ನಾನು ಕೊಟ್ಟ ಶಾಫ್ಟು ನೆನಪಾಯ್ತು ಅಂದ್ರೆ ಎಲ್ಲೋ ಮುರೀತು ಅಂತ," ಎನ್ನುತ್ತಾ ಅಳತೆ ಅಕ್ಕ ಬಾಗಿಲಲ್ಲಿ ಕೂತ ಭಾವನ ಎಡಗಾಲಿನ ಕಡೆ ನೋಡುತ್ತಾರೆ. "ನನ್ನನ್ನ ಮರೆತು ಮನೆ ಸೇರಲಿ, ಸಾಕು."